ಹಾಡದೇ ಹೋದ ಎರಕ

ಪೆನ್ನಿನ ಕ್ಯಾಪನ್ನು ಕೆಳತುಟಿಗೆ ಆನಿಸಿ ಮೆಲ್ಲಗೆ ಊದಿದರೆ ಒಂದು ಸಿಳ್ಳು ಬರುತ್ತದೆ. ತೆಳ್ಳಗೆ, ಉದ್ದಕ್ಕೆ, ಕೊನೆಯಲ್ಲಿ ಸ್ವಲ್ಪ ನಡುಗಿ ನಿಲ್ಲುವಂಥದ್ದು. ಆ ಸದ್ದನ್ನು ನಾನು ಮನಸ್ಸಿಟ್ಟು ಕೇಳಿದ್ದು ಒಂದೇ ಸಲ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಆಫೀಸಿನಲ್ಲಿ, ನನ್ನದೇ ಪೆನ್ನಿನಿಂದ. ನನಗಾಗ ಇಪ್ಪತ್ತೇಳೋ ಇಪ್ಪತ್ತೆಂಟೋ... ಈಗ ಎಪ್ಪತ್ತೈದು ದಾಟಿದೆ.

ಈ ಸಲದ ಮಳೆಗಾಲ ಶುರುವಾದ ವಾರ, ನಮ್ಮ ಪೀರನವಾಡಿಯ ಫ್ಲ್ಯಾಟಿನ ಬೆಡ್‌ರೂಮ್ ಕಿಟಕಿಯಿಂದ ಅದೇ ಸಿಳ್ಳು ಬರತೊಡಗಿತು. ಖಾನಾಪುರದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಬರುತ್ತಿತ್ತು, ಗಾಳಿ ನಿಂತರೆ ಅದೂ ನಿಲ್ಲುತ್ತಿತ್ತು. ಎರಡು ದಿನ ಸುಮ್ಮನೆ ಕೇಳಿದೆ. ಮೂರನೆಯ ದಿನ ಕೆಳಗಿನ ಮನೆಯವರೇ ಫಿಟ್ಟರನ್ನು ಕಳಿಸಿದರು. ಅವನು ಸ್ಲೈಡಿಂಗ್ ವಿಂಡೋದ ಚೌಕಟ್ಟನ್ನು ಬೆರಳಿನಿಂದ ಸವರಿ, "ಏನಿಲ್ರಿ ಆಂಟಿ, ಮೂಲಿ ಚೂಪ ಉಳದೈತಿ. ಗಾಳಿ ಬಡದ್ರ ಶೀಟಿ ಹೊಡೀತೈತಿ. ಒಂದೀಟ ಉಜ್ಜಿ ಗುಂಡ ಮಾಡಿದ್ರ ಬಂದ್ ಆಕ್ಕೈತಿ" ಅಂದ. ಚೀಲದಿಂದ ಲೋಹ ಉಜ್ಜುವ ಕಾನಸು ತೆಗೆದು ನಾಲ್ಕೈದು ಸಲ ಉಜ್ಜಿದ. ಬೇಡ, ಇರಲಿ ಬಿಡಪ್ಪಾ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಗಾಳಿ ಮತ್ತೆ ಬೀಸಿತು, ಕಿಟಕಿ ಸುಮ್ಮನಿತ್ತು.

ಹೇಳಬೇಕಾದಾಗ ಹೇಳದೇ ಇರುವುದು ನನಗೆ ಹೊಸದಲ್ಲ. ಆ ಸಂಗತಿಯನ್ನೇ ಈಗ ಬರೆಯಲು ಕೂತಿದ್ದೇನೆ.

ಆ ಫೌಂಡ್ರಿಯಲ್ಲಿ ನನ್ನದು ಆಫೀಸ್ ಕೆಲಸ. ಇಂಗ್ಲಿಷ್ ಪತ್ರ ಬರೆಯುವುದು, ಡ್ರಾಯಿಂಗುಗಳನ್ನು ಫೈಲ್ ಮಾಡುವುದು, ಮಾಲು ಹೊರಗೆ ಹೋಗುವಾಗ ಇನ್‌ಸ್ಪೆಕ್ಷನ್ ಶೀಟ್ ತುಂಬಿ ಸಹಿ ಹಾಕುವುದು. ಡ್ರಾಯಿಂಗಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಕೆಲಸಗಾರರಿಗೆ ಹೇಳುವುದೂ ನನ್ನ ಪಾಲಿಗೇ ಇತ್ತು, ಯಾಕೆಂದರೆ ಇಡೀ ಫೌಂಡ್ರಿಯಲ್ಲಿ ಕಾನ್ವೆಂಟ್ ಕಲಿತವಳು ನಾನೊಬ್ಬಳೇ. ಕ್ಯಾಂಪಿನ ಕಾನ್ವೆಂಟಿಗೆ ಬೆಂಚು ರಿಪೇರಿಗೆ ಹೋದ ನನ್ನ ಅಪ್ಪ ಮದರ್ ಸುಪೀರಿಯರ್ ಹತ್ತಿರ ಮಗಳಿಗೊಂದು ಸೀಟು ಕೇಳಿಕೊಂಡು ಬಂದಿದ್ದ. ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಂಡೇ ನಾನು ಅಲ್ಲಿ ಯೇಸುವಿನ ಹಿಮ್ಸ್ ಹಾಡಿದೆ. ನನ್ನ ಹ್ಯಾಂಡ್‌ರೈಟಿಂಗ್ ಅಲ್ಲಿಂದ ಬಂದದ್ದು. ಮಾರಲ್ ಸೈನ್ಸಿನಲ್ಲಿ ಪ್ರತಿ ವರ್ಷ ನಾನೇ ಫಸ್ಟ್.

ಅಪ್ಪ ಅದೇ ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುವ ಮಿಸ್ತ್ರಿ. ಕರಗಿದ ಲೋಹ ಸುರಿಯಬೇಕಾದರೆ ಮರಳಿನಲ್ಲಿ ಆಕಾರ ಮೂಡಿರಬೇಕು. ಮರಳಿನಲ್ಲಿ ಮೂಡಿಸಲು ಮೊದಲು ಅದನ್ನು ಸಾಗವಾನಿ ಮರದಲ್ಲಿ ಕೆತ್ತಬೇಕು, ಅದೇ ಪ್ಯಾಟರ್ನ್. ಎರಕದ ಒಳಗೆ ಪೊಳ್ಳು ಬೇಕಾದರೆ ಆ ಪೊಳ್ಳಿನ ಆಕಾರದ್ದೇ ಒಂದು ಮರಳಿನ ಗಟ್ಟಿಯನ್ನು ನಡುವೆ ಇಡುತ್ತಾರೆ, ಅದಕ್ಕೆ ಕೋರ್ ಅನ್ನುತ್ತಾರೆ. ಆ ಕೋರನ್ನು ಒತ್ತಿ ತೆಗೆಯುವ, ಎರಡು ಹೋಳಿನ ಮರದ ಪೆಟ್ಟಿಗೆಯೇ ಕೋರ್ ಬಾಕ್ಸ್. ಅಪ್ಪನ ಕೋರ್ ಬಾಕ್ಸಿನ ಒಳಮೈ ಸವರಿದರೆ ಹಾಲಿನ ಕೆನೆ ಸವರಿದ ಹಾಗಿರುತ್ತಿತ್ತು.

ಅವನ ಸ್ಕೇಲು ಅಂಗಡಿಯಲ್ಲಿ ಸಿಗುವ ಸ್ಕೇಲಿಗಿಂತ ಒಂದಿಷ್ಟು ಉದ್ದ. ಲೋಹ ಆರುವಾಗ ಕುಗ್ಗುತ್ತದೆ ಅಂತ, ಆ ಕುಗ್ಗುವಷ್ಟನ್ನು ಮೊದಲೇ ಕೂಡಿಸಿ ಮಾಡಿದ ಸ್ಕೇಲು ಅದು. ಚಿಕ್ಕವಳಿದ್ದಾಗ ಗೊತ್ತಿಲ್ಲದೆ ಅದನ್ನೇ ಜಾಮೆಟ್ರಿ ಕ್ಲಾಸಿಗೆ ಒಯ್ದಿದ್ದೆ. ನನ್ನ ಗೆರೆಗಳೆಲ್ಲ ಉದ್ದ ಬಂದವು, ಸಿಸ್ಟರ್ ಸೊನ್ನೆ ಕೊಟ್ಟರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಕಸುಬೇ ಅದಾಗಿತ್ತು. ಮುಂದೆ ಏನು ಕೆಡಬಹುದೋ ಅದನ್ನು ಯಾರೂ ಕೇಳುವ ಮೊದಲೇ ಕೈಯಲ್ಲಿ ತಿದ್ದಿಬಿಡುವುದು. ಡ್ರಾಯಿಂಗಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಕೆತ್ತುವವನನ್ನು ಅವನು ಮಿಸ್ತ್ರಿ ಅಂತ ಕರೆಯುತ್ತಿರಲಿಲ್ಲ.

ಇನ್ನು ಸರ್ ವಿಷಯ. ನಾನು ಅವರನ್ನು ಸರ್ ಅಂತಲೇ ಕರೆದದ್ದು, ಅವರು ನನ್ನನ್ನು ಬಾಯಾರ ಅಂತ, ಇಲ್ಲೂ ಹಾಗೇ ಇರಲಿ. ದಕ್ಷಿಣದ ಕಡೆ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ರಾಕೆಟ್ ಎಂಜಿನ್ನಿನ ವಿಭಾಗದಲ್ಲಿ ಇದ್ದರು. ರಾಕೆಟ್ ಸೈಂಟಿಸ್ಟ್ ಬರುತ್ತಾರೆ ಅಂತ ನಮ್ಮ ಮಾಲೀಕರು ರೈಲ್ವೆ ಸ್ಟೇಷನ್ನಿಗೆ ಜೀಪು ಕಳಿಸಿದ್ದರು. ಅವರು ನೋಡಿದರೆ ಖಾನಾಪುರದ ಬಸ್ಸಿನಿಂದ ಇಳಿದು, ಚಪ್ಪಲಿ ಕಾಲಿನಲ್ಲಿ, ಸುರುಳಿ ಸುತ್ತಿದ ಡ್ರಾಯಿಂಗನ್ನು ಕಂಕುಳಲ್ಲಿ ಇರುಕಿಕೊಂಡು ನಡೆದು ಬಂದರು. ಗೇಟಿನ ವಾಚ್‌ಮನ್, "ಇಲ್ಲಿ ಭರ್ತಿ ಇಲ್ಲೋ ತಮ್ಮಾ, ಆಚಿ ಫೌಂಡ್ರಿಗಿ ಹೋಗಿ ಕೇಳ" ಅಂತ ವಾಪಸ್ ಕಳಿಸಿದನಂತೆ. ಅವರು ಖರೇನೇ ಆಚೆಯ ಫೌಂಡ್ರಿಗೆ ಹೋಗಿ, ಅಲ್ಲಿ ದಾರಿ ಕೇಳಿಕೊಂಡು ಮತ್ತೆ ಬಂದರು. ಇದನ್ನು ತಾವೇ ಹೇಳಿಕೊಂಡು ನಕ್ಕರು. ನಕ್ಕಾಗ ಒಂದು ಕಣ್ಣು ಪೂರ್ತಿ ಮುಚ್ಚುತ್ತಿತ್ತು.

ಕಣಕುಂಬಿಯ ಕಡೆಯ ಕಾಡಿನಲ್ಲಿ ಎಮ್ಮೆ ಸಾಕುವವರ ಮನೆಯಲ್ಲಿ ಹುಟ್ಟಿದವರು ಅವರು. ಮನೆಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ, ಆಮೇಲೆ ಎಲ್ಲ ಇಂಗ್ಲಿಷ್. ತಾಯಿ ಖಾನಾಪುರದಲ್ಲಿ ಇದ್ದರು, ಅದಕ್ಕೇ ರಜೆ ಹಾಕಿ ಈ ಕಡೆ ಬರುತ್ತಿದ್ದರು. ಎಮ್ಮೆಗಳನ್ನು ನೀರಿಗೆ ಬಿಟ್ಟು ಹಳ್ಳದ ದಂಡೆಯಲ್ಲಿ ಕೂತಾಗ, ಬಂಡೆಯ ಮೂಲೆ ದಾಟಿದ ನೀರು ಸುಳಿ ಸುಳಿಯಾಗಿ ತಿರುಗುವುದನ್ನು ನೋಡುತ್ತಿದ್ದರಂತೆ. ಒಂದು ಎಲೆ ಹಾಕಿದರೆ ಮೊದಲ ಸುಳಿ ಅದನ್ನು ಎರಡನೆಯದಕ್ಕೆ ಕೊಡುತ್ತಿತ್ತು, ಎರಡನೆಯದು ಮೂರನೆಯದಕ್ಕೆ. "ನೀರಿರ್ಲಿ, ಗಾಳಿ ಇರ್ಲಿ, ಮೂಲಿ ಸಿಕ್ತಂದ್ರ ಸುಮ್ನ ಹೋಗಂಗಿಲ್ಲ ನೋಡ್ರಿ ಬಾಯಾರ" ಅಂತ ಒಮ್ಮೆ ಹೇಳಿದ್ದರು. ನಾನು ಪತ್ರ ಟೈಪ್ ಮಾಡುತ್ತ ಹ್ಞೂಂ ಅಂದಿದ್ದೆ.

ಅವರಿಗೆ ಬೇಕಾಗಿದ್ದದ್ದು ಒಂದು ಅಲ್ಯೂಮಿನಿಯಂ ಕೊಳವೆ. ತೋಳಿನಷ್ಟು ಉದ್ದ, ನಡುವೆ ಬಾಗಿದ್ದು, ಒಳಗೆ ಒಂದು ಕಡೆ ಉಗುರಿನಷ್ಟು ಚಾಚಿಕೊಂಡ ಅಂಚು. ಬಾಗಿದ ಕೊಳವೆಯ ಒಳಗೆ ಯಾವ ಯಂತ್ರದ ಟೂಲೂ ಹೋಗುವುದಿಲ್ಲ, ಎರಕವೇ ಹೊಯ್ಯಬೇಕು. ಮಾಲೀಕರ ಎದುರು ಅವರು ತಮ್ಮ ಕಷ್ಟ ಹೇಳಿಕೊಂಡಾಗ ನಾನು ಅಲ್ಲೇ ಇದ್ದೆ. ದೊಡ್ಡ ರಾಕೆಟ್ಟು ಕೆಲವೊಮ್ಮೆ ಹಾರುವಾಗ ಗಡಗಡ ನಡುಗುತ್ತದಂತೆ. ಬೆಂಕಿ ಸಮನಾಗಿ ಉರಿಯದೆ ಹಾಗಾಗುತ್ತದೆ ಅಂತ ಅವರ ಮೇಲಿನವರ ವಾದ. ಇಲ್ಲ, ಬೆಂಕಿಯದೇನೂ ತಪ್ಪಿಲ್ಲ, ಒಳಗಿನ ಆಕಾರವೇ ನಡುಗಿಸುತ್ತದೆ ಅಂತ ಇವರದು. ಎಂಟು ವರ್ಷ ಅದರ ಗಣಿತ ಮಾಡಿದ್ದರು. ಬೆಂಕಿಯೇ ಇಲ್ಲದೆ, ಈ ಕೊಳವೆಯಲ್ಲಿ ಬರೀ ತಣ್ಣನೆಯ ಗಾಳಿ ಬಿಟ್ಟು ತೋರಿಸಲು ಅವರಿಗೆ ಒಂದೇ ಅವಕಾಶ ಕೊಟ್ಟಿದ್ದರು. ಅವರ ಲೆಕ್ಕ ಸರಿಯಿದ್ದರೆ ಕೊಳವೆ ತಾನಾಗಿ ನಡುಗಿ ಹಾಡಬೇಕು. ಹಾಡಿದರೆ ಅವರ ಸಂಶೋಧನೆ ಮುಂದೆ ಹೋಗುತ್ತದೆ. ಹಾಡದಿದ್ದರೆ ಫೈಲ್ ಮುಚ್ಚುತ್ತದೆ.

ಮೊದಲ ಎರಕ ಕೆಟ್ಟಿತು. ಎರಡನೆಯದೂ ಕೆಟ್ಟಿತು. ಎರಡರಲ್ಲೂ ಒಳಗಿನ ಮರಳು ಉದುರಿ ಲೋಹದಲ್ಲಿ ಕೂಡಿಕೊಂಡು ಮೈಯೆಲ್ಲ ತೂತು. ಮಾಲೀಕರು ಎಲ್ಲರ ಎದುರು ಅಪ್ಪನಿಗೆ, "ಏನ್ ಮಿಸ್ತ್ರಿ, ಕಣ್ಣಿಗೆ ಮಂಜ ಬಂದೈತೇನ? ಇನ್ನೊಂದ ಸಲ ಹಿಂಗಾತಂದ್ರ ಕೊಲ್ಲಾಪುರದಿಂದ ಬ್ಯಾರೆ ಮನಷ್ಯಾನ್ನ ಕರಸ್ತೀನಿ" ಅಂದರು. ಅಪ್ಪನಿಗೆ ಯಾರೂ ಹಾಗೆ ಮಾತನಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಸರ್ ನಡುವೆ ಬಾಯಿ ಹಾಕಿ, ಕಾಕಾ ಅವರ ಕೈಯಲ್ಲಿ ತಪ್ಪಿಲ್ಲ, ನನ್ನ ಡ್ರಾಯಿಂಗೇ ಕಷ್ಟದ್ದು ಅಂದರು. ಅದರಿಂದ ಅಪ್ಪನಿಗೆ ಇನ್ನಷ್ಟು ನಾಚಿಕೆಯಾಯಿತು ಅಂತ ನನಗೆ ಅನ್ನಿಸಿತು.

ಸರ್ ವಾಪಸ್ ಹೋದ ಮೇಲೆ ಒಂದು ದಿನ ಅಪ್ಪ ಡ್ರಾಯಿಂಗ್ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದ. ಆ ಅಂಚಿನ ಹತ್ತಿರ ಬಾಣದ ಗುರುತು ಹಾಕಿ ಸರ್ ತಮ್ಮ ಕೈಯಿಂದ ಏನೋ ಬರೆದಿದ್ದರು.

"ಇಲ್ಲೇನ ಬರದಾರ, ಓದಿ ಹೇಳ ಬೇ."

"ಮೂಲಿ ಹಂಗ ಚೂಪ ಬಿಡಬೇಕಂತ. ಗುಂಡ ಮಾಡಬಾರದಂತಪ್ಪಾ."

ಅಪ್ಪ ಸ್ವಲ್ಪ ಹೊತ್ತು ಡ್ರಾಯಿಂಗನ್ನೇ ನೋಡಿದ. ಆಮೇಲೆ ನಕ್ಕ. "ಬೋರ್ಡಿನ ಮ್ಯಾಲೆ ಗೆರಿ ಹೊಡ್ಯಾವ್ರಿಗೆ ಉಸುಕಿನ ಸಂಗತಿ ಏನ್ ಗೊತ್ತ? ಚೂಪ ಬಿಟ್ರ ಉಸುಕ ಉದರತೈತಿ. ಅದಕ್ಕ ಎರಡೂ ಹಾಳಾಗ್ಯಾವ."

ಪತ್ರ ಬರೆದು ಕೇಳೋಣವೇ ಅಂದೆ. ಕೇಳಿದರೆ ನಮಗೆ ಕೆಲಸ ಬರುವುದಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ ಆಗುತ್ತದೆ, ಸುಮ್ಮನಿರು ಅಂದ. ಸಾಹೇಬರಿಗೂ ಇದು ಬೇಗ ಬೇಕಾಗಿದೆ, ಸುಮ್ಮಸುಮ್ಮನೆ ಅವರನ್ನು ಯಾಕೆ ಪೇಚಿಗೆ ಸಿಕ್ಕಿಸುವುದು ಅಂದ. ನಾನು ಪತ್ರ ಬರೆಯಲಿಲ್ಲ. ಅವನು ಪ್ಯಾಟರ್ನ್ ಶಾಪಿಗೆ ಹೋಗಿ, ಕೋರ್ ಬಾಕ್ಸಿನೊಳಗಿನ ಆ ಚೂಪು ಅಂಚನ್ನು ಪಾಲಿಶ್ ಕಾಗದದಿಂದ ಉಜ್ಜಿ ದುಂಡಗೆ ಮಾಡಿದ. ಬುಡದ ಎರಡೂ ಮೂಲೆಗೆ ಅಕ್ಕಿಕಾಳಿನಷ್ಟು ಜೇನುಮೇಣ ಒತ್ತಿ, ಕಾಸಿದ ಕಬ್ಬಿಣದ ಗುಂಡಿನಿಂದ ತೀಡಿದ. ಬಿಸಿ ಮೇಣದ ವಾಸನೆ ಆಫೀಸಿನವರೆಗೆ ಬಂತು. ಪ್ರೀತಿಯಿಂದ ಮಾಡಿದ ಕೆಲಸ ಅದು. ಇದನ್ನು ನಾನು ಅಪ್ಪನನ್ನು ಉಳಿಸಲು ಬರೆಯುತ್ತಿಲ್ಲ, ಹಾಗೇ ಇತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಮೂರನೆಯ ಎರಕ ಒಂದು ಕಲೆಯಿಲ್ಲದೆ ಬಂತು. ಮರದ ಸುತ್ತಿಗೆಯಿಂದ ತಟ್ಟಿದರೆ ಗುಡಿಯ ಗಂಟೆಯ ಹಾಗೆ ದನಿ ಕೊಟ್ಟಿತು. ಮರಳಿನ ಅಚ್ಚು ಮಾಡುವ ಮೋಲ್ಡರುಗಳೆಲ್ಲ ಒಬ್ಬೊಬ್ಬರಾಗಿ ಬಂದು ತಟ್ಟಿ ನೋಡಿದರು. ಮಾಲೀಕರೇ ಅಪ್ಪನ ಹೆಗಲ ಮೇಲೆ ಕೈ ಹಾಕಿದರು. ನನ್ನ ಇನ್‌ಸ್ಪೆಕ್ಷನ್ ಶೀಟಿನಲ್ಲಿ ಕೊನೆಯ ಕಾಲಮ್ಮು, ಆಸ್ ಪರ್ ಡ್ರಾಯಿಂಗ್, ಯೆಸ್ ಆರ್ ನೋ. ನಾನು ಯೆಸ್ ಅಂತ ಬರೆದು ಸಹಿ ಹಾಕಿದೆ. ಅದೊಂದು ಸಣ್ಣ ವಿಷಯ ಅಂತಲೇ ಅಂದುಕೊಂಡಿದ್ದೆ.

ಸರ್ ಬಂದು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ತುದಿಯಿಂದ ಬ್ಯಾಟರಿಯ ಬೆಳಕು ಬಿಟ್ಟರು. ಬಾಗಿದ್ದರಿಂದ ಒಳಗಿನದು ಏನೂ ಕಾಣುತ್ತಿರಲಿಲ್ಲ. ನನ್ನ ಶೀಟ್ ಓದಿ, "ಬಾಯಾರ ಸಹಿ ಬಿದ್ದೈತಂದ್ರ ಮುಗೀತು" ಅಂದರು. ಕೊಳವೆಯನ್ನು ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಇಟ್ಟರು, ಒಬ್ಬ ಕೆಲಸಗಾರ ಮುಚ್ಚಳಕ್ಕೆ ಮೊಳೆ ಹೊಡೆಯತೊಡಗಿದ. ಚಹಾ ಬಂತು. ಅಪ್ಪನನ್ನು ಕರೆಸಿ ಕುರ್ಚಿಯ ಮೇಲೆ ಕೂರಿಸಿದರು. ಅವನು ಆ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

"ಇಷ್ಟ ತ್ರಾಸ ತಗೊಂಡೀರಿ, ಇದು ಯಾತಕ್ಕಂತ ನಿಮಗ ಹೇಳಬೇಕಲ್ರಿ ಕಾಕಾ" ಅಂತ ನನ್ನ ಕೈಯಿಂದ ಪೆನ್ನು ಇಸಿದುಕೊಂಡರು. ಕ್ಯಾಪು ತೆಗೆದು ಕೆಳತುಟಿಗೆ ಆನಿಸಿ ಊದಿದರು.

ಸಿಳ್ಳು ಬಂತು. ಮೊಳೆ ಹೊಡೆಯುತ್ತಿದ್ದವನು ಒಂದು ಗಳಿಗೆ ನಿಲ್ಲಿಸಿ ನೋಡಿದ.

"ಈ ಕ್ಯಾಪಿನ ಬಾಯಿ ಚೂಪೈತಿ, ಅದಕ್ಕ ಶೀಟಿ ಬರತೈತಿ. ಇದನ್ನ ಉಜ್ಜಿ ಗುಂಡ ಮಾಡ್ರಿ, ಎಷ್ಟ ಊದಿದ್ರೂ ಬರಂಗಿಲ್ಲ. ಗಾಳಿ ಸುಮ್ನ ಜಾರಿ ಹೊಕ್ಕೈತಿ. ನನ್ನ ಎಂಟ ವರ್ಷದ ಕೆಲಸೆಲ್ಲಾ ಆ ಒಳಗಿನ ಚೂಪ ಮೂಲಿ ಮ್ಯಾಲೆ ನಿಂತೈತ್ರಿ ಕಾಕಾ."

ಅಪ್ಪ ಬಟ್ಟಲನ್ನು ಟೇಬಲ್ಲಿನ ಮೇಲೆ ಇಟ್ಟ. ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಪೆಟ್ಟಿಗೆಗೆ ಇನ್ನೂ ಎರಡು ಮೊಳೆ ಬಾಕಿ ಇತ್ತು. ಅಷ್ಟು ಹೊತ್ತು ಸಾಕಿತ್ತು, ಒಂದು ಮಾತು ಹೇಳಲು. ಅಪ್ಪ, "ಹೌದ್ರಿ ಸಾಹೇಬ್ರ" ಅಂದ. ನಾನು ಅದನ್ನೂ ಅನ್ನಲಿಲ್ಲ. ಪೆನ್ನಿಗೆ ಕ್ಯಾಪು ಹಾಕಿ ಅವರು ನನಗೆ ವಾಪಸ್ ಕೊಟ್ಟರು.

ಆ ದಿನ ಅಪ್ಪನೂ ನಾನೂ ನಡೆದೇ ಮನೆಗೆ ಹೋದೆವು. ಮನೆಯ ಹತ್ತಿರ ಬಂದಾಗ, "ಅಕ್ಕಿಕಾಳಿನಷ್ಟ ಮೇಣ ಏನ್ ಮಾಡತೈತಿ ಬಿಡು" ಅಂದ. ನನ್ನನ್ನು ಕೇಳಿದನೋ, ತನಗೆ ಹೇಳಿಕೊಂಡನೋ...

ನಾಲ್ಕು ತಿಂಗಳ ಮೇಲೆ ಸರ್ ಮತ್ತೆ ಬಂದರು. ಮಾಲೀಕರು ಊರಲ್ಲಿ ಇರಲಿಲ್ಲ. ನನ್ನ ಟೇಬಲ್ಲಿನ ಎದುರಿನ ಸ್ಟೂಲಿನ ಮೇಲೆ ಕೂತರು. ಗಡ್ಡ ಬಿಟ್ಟಿದ್ದರು. ಮುಖದಲ್ಲಿ ಸಿಟ್ಟಾಗಲಿ ದುಃಖವಾಗಲಿ ಇರಲಿಲ್ಲ, ಬಸ್ಸಿನಲ್ಲಿ ಬಹಳ ದೂರ ನಿಂತೇ ಪ್ರಯಾಣ ಮಾಡಿದವರ ಮುಖ ಇರುತ್ತದಲ್ಲ, ಹಾಗಿತ್ತು.

"ಹಾಡಲಿಲ್ಲ ಬಾಯಾರ" ಅಂದರು.

ಮೂರು ದಿನ ಗಾಳಿ ಬಿಟ್ಟರಂತೆ. ಮೆಲ್ಲಗೆ, ಜೋರಾಗಿ, ಅವರ ಲೆಕ್ಕ ಹೇಳಿದ ವೇಗಕ್ಕೂ, ಅದರ ಆಚೆಗೂ, ಈಚೆಗೂ. ಕಮಿಟಿಯವರು ಕೂತು ನೋಡಿದರು. ಕೊಳವೆ ಕಮಕ್ ಕಿಮಕ್ ಅನ್ನಲಿಲ್ಲ. ಒಬ್ಬ ಹಿರಿಯರು ಎದ್ದು ಹೋಗುವಾಗ, ಚೆನ್ನಾಗಿ ಪ್ರಯತ್ನ ಮಾಡಿದಿರಿ ಅಂತ ಬೆನ್ನು ತಟ್ಟಿದರಂತೆ. ಕೊಳವೆಯನ್ನು ಕೊಯ್ದು ನೋಡಬಹುದಿತ್ತು, ಆದರೆ ಅದು ಸರ್ಕಾರದ ಸ್ಟೋರಿಗೆ ಸೇರಿಹೋಗಿತ್ತು. ಹಾಗೆ ನೋಡಿದರೆ ಅವರಿಗೆ ಕೊಯ್ಯುವ ಅಗತ್ಯವೂ ಕಂಡಿರಲಿಲ್ಲ. ಅಪ್ಪನ ಕೈಯ ಮೇಲೆ ಅವರಿಗೆ ತಮ್ಮ ಗಣಿತದ ಮೇಲೆ ಇದ್ದುದಕ್ಕಿಂತ ಹೆಚ್ಚು ಭರವಸೆ ಇತ್ತು.

"ತಪ್ಪ ತಿಳ್ಕೋಬ್ಯಾಡ್ರಿ, ಒಂದ ಮಾತ ಕೇಳ್ತೀನಿ. ಆ ಮೂಲಿ, ಬರದಿದ್ನಲ್ಲ, ಹಂಗ ಇತ್ತಲ್ರಿ?"

ಗೋಡೆಯ ಆ ಕಡೆ ಪ್ಯಾಟರ್ನ್ ಶಾಪು. ಅಲ್ಲಿ ಅಪ್ಪನ ಉಳಿಯ ಸದ್ದು ನಿಂತಿತು.

"ಯೆಸ್ ಸರ್" ಅಂದೆ. "ಆಸ್ ಪರ್ ಡ್ರಾಯಿಂಗ್."

ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಯಾಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ ಅಂತ ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದೇನೆ. ಕನ್ನಡದಲ್ಲಿ ಅವರಿಗೆ ಸುಳ್ಳು ಹೇಳಲು ನನಗೆ ಆಗುತ್ತಿರಲಿಲ್ಲ ಅಂತ ಕಾಣುತ್ತದೆ. ಆಫೀಸಿನ ಇಂಗ್ಲಿಷ್ ಸಲೀಸಾಗಿ ಬಾಯಿಂದ ಬಂತು, ಎಷ್ಟೋ ಶೀಟುಗಳಲ್ಲಿ ಬರೆದ ಮಾತಲ್ಲವೇ ಅದು.

ಗೋಡೆಯ ಆ ಕಡೆ ಉಳಿ ಮತ್ತೆ ಶುರುವಾಯಿತು.

"ಹಂಗಾರ ನನ್ನ ಗಣಿತನ ತಪ್ಪು" ಅಂದರು ಸರ್. ಸ್ವ‍ಲ್ಪ ಹೊತ್ತು ಕೂತು, ಎದ್ದು ಅಪ್ಪನ ಹತ್ತಿರ ಹೋಗಿ, ಸುಮ್ಮನೆ ನಿಮಗೆ ತ್ರಾಸ ಕೊಟ್ಟೆ ಕಾಕಾ ಅಂತ ಹೇಳಿ ಹೋದರು. ಅಪ್ಪ ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ತಂದ.

ಆ ಫೈಲ್ ಮುಚ್ಚಿತು. ಅವರನ್ನು ಬೇರೆ ಕೆಲಸಕ್ಕೆ ಹಾಕಿದರು. ಪ್ರತಿ ಜನವರಿಗೆ ನಮ್ಮ ಮನೆಗೆ ಅವರಿಂದ ಒಂದು ಗ್ರೀಟಿಂಗ್ ಕಾರ್ಡ್ ಬರುತ್ತಿತ್ತು, ಅದರಲ್ಲಿ ಒಂದೇ ಸಾಲು. ಈ ವರ್ಷ ವಾಲ್ವುಗಳು. ಈ ವರ್ಷ ಟ್ಯಾಂಕಿನಲ್ಲಿ ಇಂಧನ ತುಳುಕದ ಹಾಗೆ ಮಾಡುವುದು. ಈ ವರ್ಷ ಪಂಪಿನ ಒಳಗೆ ಏಳುವ ಗುಳ್ಳೆ. ಒಳ್ಳೆಯ ಕೆಲಸಗಳೇ ಅವೆಲ್ಲ, ಒಬ್ಬ ಮನುಷ್ಯನ ಜೀವಮಾನಕ್ಕೆ ಸಾಕಾಗುವಷ್ಟು. ಆದರೆ ಯಾವುದನ್ನೂ ಅವರು ಹಳ್ಳದ ದಂಡೆಯಿಂದ ಹೊತ್ತು ತಂದಿರಲಿಲ್ಲ. ಈ ನಡುವೆ ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು, ಯಜಮಾನರು ಬೇಗ ಹೋದರು, ನಾನು ಮತ್ತೆ ಅಪ್ಪನ ಮನೆಗೆ ಬಂದೆ. ಇವು ಆದವು. ಬೇರೆ ಯಾರಿಗೋ ಆದ ಹಾಗೆ ಆದವು.

ಒಂದು ವರ್ಷದ ಕಾರ್ಡಿನಲ್ಲಿ ಒಂದರ ಬದಲು ನಾಲ್ಕು ಸಾಲು ಇತ್ತು. ಬೇರೆ ದೇಶದ ಯಾರೋ ಅಂಥದ್ದೇ ಕೊಳವೆಯಲ್ಲಿ ಗಾಳಿ ಬಿಟ್ಟು, ಅಂಚಿನಿಂದ ಏಳುವ ಸುಳಿಯೇ ನಡುಕಕ್ಕೆ ಕಾರಣ ಅಂತ ತೋರಿಸಿದ್ದಾರೆ, ಅವರ ಪೇಪರ್ ಓದಿದೆ, ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಬಹಳ ವ್ಯತ್ಯಾಸವಿಲ್ಲ, ನನ್ನದು ಯಾಕೆ ಸುಮ್ಮನಿತ್ತೋ ಇವತ್ತಿಗೂ ಗೊತ್ತಾಗಿಲ್ಲ, ಕಾಕಾ ಅವರಿಗೆ ನಮಸ್ಕಾರ ಹೇಳಿ.

ನಾನು ಓದಿ ಹೇಳಿದೆ. ಅಪ್ಪ ಇನ್ನೊಮ್ಮೆ ಓದು ಅಂದ. ಇನ್ನೊಮ್ಮೆ ಓದಿದೆ. ಮರುದಿನದಿಂದ ಅವನು ಕೆಲಸಕ್ಕೆ ಹೋಗಲಿಲ್ಲ. ಯಾಕಪ್ಪಾ ಅಂದರೆ ಕೈ ನಡುಗುತ್ತದೆ ಅಂದ. ನಡುಗುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವನ ಟ್ರಂಕ್ ತೆಗೆದೆ. ಹಳೆಯ ಧೋತರದಲ್ಲಿ ಸುತ್ತಿಟ್ಟ ಆ ಕೋರ್ ಬಾಕ್ಸ್ ಇತ್ತು. ಬೇಡವಾದ ಪ್ಯಾಟರ್ನುಗಳನ್ನು ಫೌಂಡ್ರಿಯಲ್ಲಿ ಒಲೆಗೆ ಹಾಕುತ್ತಿದ್ದರು, ಇದನ್ನು ಯಾವಾಗ ಮನೆಗೆ ತಂದಿದ್ದನೋ. ಎರಡು ಹೋಳನ್ನೂ ಬಿಡಿಸಿ ಬೆರಳಾಡಿಸಿದೆ. ಮೇಣ ಇರಲಿಲ್ಲ. ದುಂಡಗಿದ್ದ ಭಾಗವನ್ನು ಕೊರೆದು ತೆಗೆದು, ಅಲ್ಲಿ ಹೊಸ ಸಾಗವಾನಿಯ ಪಟ್ಟಿ ಕೂರಿಸಿ, ಮೂಲೆಯನ್ನು ಮತ್ತೆ ಕೆತ್ತಿದ್ದ. ಬೆರಳಿಗೆ ಚುಚ್ಚುವಷ್ಟು ಚೂಪು. ಕೆಲಸ ಬಿಟ್ಟ ಮೇಲೆ, ಮಧ್ಯಾಹ್ನ ನಾನು ಆಫೀಸಿನಲ್ಲಿ ಇದ್ದಾಗ ಮಾಡಿರಬೇಕು. ಎಷ್ಟು ದಿನ ಹಿಡಿಯಿತೋ... ಡ್ರಾಯಿಂಗಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಅವನು ಕೆತ್ತಿ ಉಳಿಸಿದ ಒಂದೇ ಒಂದು ಕೆಲಸ ಅದು.

ಸರ್ ಅಷ್ಟೊತ್ತಿಗೆ ರಿಟೈರ್ ಆಗಿ ಖಾನಾಪುರಕ್ಕೆ ಬಂದಿದ್ದರು. ನಾನು ಬಾಕ್ಸನ್ನು ಕೈಚೀಲದಲ್ಲಿ ಇಟ್ಟುಕೊಂಡು ಬಸ್ ಹತ್ತಿದೆ. ಹೇಳಬೇಕು ಅಂತಲೇ ಹೊರಟಿದ್ದೆ. ಹೆಂಚಿನ ಸಣ್ಣ ಮನೆ, ಅಂಗಳದಲ್ಲಿ ಒಂದು ಎಮ್ಮೆ. ಅವರ ಮನೆಯವರು ನನ್ನ ಹೆಸರು ಕೇಳಿದ ಕೂಡಲೇ, "ಬರ್ರಿ, ಒಳಗ ಬರ್ರಿ. ನಿಮ್ಮ ಸುದ್ದಿ ಹೇಳ್ತಿರ್ತಾರ. ಬೆಳಗಾವ್ಯಾಗ ಒಬ್ರ ಬಾಯಾರ ಇದ್ರು, ಅವರ ಸಹಿ ಇತ್ತಂದ್ರ ಮತ್ತ ನೋಡೂದ ಬ್ಯಾಡಾಗಿತ್ತಂತ" ಅಂದರು. ನಾನು ಕೂತೆ. ಚುರಮುರಿ, ಚಹಾ ಬಂತು.

ಸರ್ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಇನ್ನೂ ಆಗಿರಲಿಲ್ಲ. ಅಪ್ಪ ಹೋದ ಸುದ್ದಿ ಹೇಳಿದೆ. ಕೋರ್ ಬಾಕ್ಸನ್ನು ಅವರ ತೊಡೆಯ ಮೇಲೆ ಇಟ್ಟೆ. ಮುಟ್ಟಿದ ಕೂಡಲೇ ಅವರಿಗೆ ಗೊತ್ತಾಯಿತು. ಬೆರಳು ಬಾಗಿನ ಉದ್ದಕ್ಕೂ ಹೋಗಿ, ಆ ಮೂಲೆಯ ಹತ್ತಿರ ನಿಂತಿತು. ಹಿಂದೆ ಮುಂದೆ ಎರಡು ಮೂರು ಸಲ ಸವರಿದರು.

"ಚೂಪೈತಿ" ಅಂದರು. "ಕಾಕಾ ಬರೋಬ್ಬರಿ ಮಾಡಿದ್ರು. ಒಮ್ಮೊಮ್ಮೆ ನನಗ ಅನ್ನಸ್ತಿತ್ತು ಬಾಯಾರ... ಅವರ ಮ್ಯಾಲೆ ಸಂಶೆ ಬಂದಿತ್ತು. ಆತು ಬಿಡ್ರಿ, ಇವತ್ತ ಅದೂ ಹೋತು."

ಸುಮ್ಮನಿದ್ದಿದ್ದರೆ ಅಪ್ಪನ ಹೆಸರು ಅಲ್ಲಿಗೆ ಉಳಿಯುತ್ತಿತ್ತು. ನನ್ನದೂ ಉಳಿಯುತ್ತಿತ್ತು. ಅವರು ಸಮಾಧಾನವಾಗಿಯೇ ಇದ್ದರು. ಅಡುಗೆಮನೆಯಲ್ಲಿ ಅವರ ಮನೆಯವರು ಏನೋ ಕುಟ್ಟುತ್ತಿದ್ದರು, ಆ ಸದ್ದು ನಿಂತಿತು, ಮತ್ತೆ ಶುರುವಾಯಿತು.

"ಇದು ಆಮ್ಯಾಲೆ ಮಾಡಿದ್ದು ಸರ್" ಅಂದೆ. ಈ ಸಲ ಕನ್ನಡದಲ್ಲೇ ಹೇಳಿದೆ. ಮರಳು ಉದುರಿದ್ದು, ಕಾಗದ ಹಾಕಿ ಉಜ್ಜಿದ್ದು, ಅಕ್ಕಿಕಾಳಿನಷ್ಟು ಮೇಣ, ನನ್ನ ಸಹಿ, ಎಲ್ಲವನ್ನೂ ಹೇಳಿದೆ. ಅವರ ಬೆರಳು ಅಷ್ಟು ಹೊತ್ತೂ ಆ ಮೂಲೆಯ ಮೇಲೆಯೇ ಇತ್ತು.

"ನಿಮಗ ಯಾವಾಗ ತಿಳೀತು?"

"ನೀವು ಪೆನ್ನಿನ ಕ್ಯಾಪ್ ಊದಿದಾಗ."

ತಲೆ ಆಡಿಸಿದರು. "ಚಹಾ ಆರತೈತಿ, ಕುಡೀರಿ" ಅಂದರು. ಕುಡಿದೆ. ಅದರ ರುಚಿ ನೆನಪಿಲ್ಲ.

ಈಗ ಅವರು ಹೋಗಿಯೂ ಹತ್ತು ವರ್ಷದ ಮೇಲಾಯಿತು. ಅವರ ಮನೆಯವರು ಫೋನ್ ಮಾಡಿ ತಿಳಿಸಿದ್ದರು. ನಾನು ಹೋಗಲಿಲ್ಲ. ಕೋರ್ ಬಾಕ್ಸ್ ಈ ಫ್ಲ್ಯಾಟಿನ ಶೋಕೇಸಿನಲ್ಲಿ, ಅಪ್ಪನ ಆ ಉದ್ದ ಸ್ಕೇಲಿನ ಪಕ್ಕದಲ್ಲಿದೆ. ಮಗಳು ಬಂದಾಗ ಧೂಳು ಒರೆಸುತ್ತಾಳೆ, ಏನಿದು ಅಂತ ಕೇಳಿದ್ದಳು, ಅಜ್ಜನದು ಅಂದೆ. ಅತ್ತಿದ್ದರೆ ಹಗುರಾಗುತ್ತಿತ್ತು ಅಂತ ಜನ ಹೇಳುತ್ತಾರೆ. ನನಗೆ ಅಳು ಬರಲಿಲ್ಲ, ಆಗಲೂ, ಈಗಲೂ. ಕಿಟಕಿಯ ಹೊರಗೆ ಗಾಳಿ ಜೋರಾಗಿದೆ. ಫಿಟ್ಟರ್ ಕೆಲಸ ಚೊಕ್ಕಾಗಿ ಮಾಡಿದ್ದಾನೆ.

ಎಲ್ಲ ಹೇಳಿದ ಆ ದಿನ ನಾನು ಬೇಡ ಅಂದರೂ ಸರ್ ನನ್ನನ್ನು ಖಾನಾಪುರದ ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದರು. ಬಾಕ್ಸನ್ನು ಅವರೇ ಕಂಕುಳಲ್ಲಿ ಇರುಕಿಕೊಂಡಿದ್ದರು, ಹಿಂದೆ ಡ್ರಾಯಿಂಗ್ ಹಿಡಿದು ಬಂದ ಹಾಗೇ. ಬೆಳಗಾವಿಯ ಬಸ್ ನಿಂತಿತ್ತು. ನಾನು ಹತ್ತಿ ಕಿಟಕಿಯ ಹತ್ತಿರ ಕೂತೆ. ಅವರು ಬಾಕ್ಸನ್ನು ಕಿಟಕಿಯಿಂದ ಒಳಗೆ ಕೊಟ್ಟು, "ಇದನ್ನ ನೀವ ಇಟ್ಕೋರಿ. ಕಾಕಾ ಅವರ ಕೆಲಸ" ಅಂದರು. ಡ್ರೈವರ್ ಗಾಡಿ ಚಾಲೂ ಮಾಡಿದ. ಅವರು ಕಿಟಕಿಯ ಸರಳು ಹಿಡಿದುಕೊಂಡು, ಸಿಟ್ಟಿಲ್ಲದೆ, ಯಾವುದೋ ಲೆಕ್ಕ ಹೇಳುವ ಹಾಗೆ ಅಂದರು.

"ಆವಾಗ ಹೇಳಿದ್ರ, ಇನ್ನೊಂದ ಎರಕಾ ಹೊಯ್ಯಾಕ ಎಂಟ ದಿನಾ ಸಾಕಿತ್ತು ಬಾಯಾರ."

ಸರಳು ಬಿಟ್ಟರು. ಬಸ್ ತಿರುಗುವಾಗ ಹಿಂದೆ ನೋಡಿದೆ. ಅವರು ಮನೆಯ ಕಡೆ ಹೊರಟಿದ್ದರು. ಪ್ಲಾಟ್‌ಫಾರಂ ಮುಗಿಯುವ ಕಡೆ ನಿಂತು, ಕಣ್ಣು ಕಾಣದ್ದರಿಂದ, ಒಂದು ಕಾಲು ಮುಂದೆ ಚಾಚಿ, ಚಪ್ಪಲಿಯ ತುದಿಯಿಂದ ಅದರ ಅಂಚನ್ನು ತಡಕುತ್ತಿದ್ದರು.